ಎದ್ದರೆ ಕುರ್ಚಿ ಹೋಗುತ್ತೆ

ನಾಲ್ಕೂವರೆಗೆ ಸರಿಯಾಗಿ ಪೀಪಿ ಮೇಡಂ ಪೀಪಿ ಊದಿದಳು. ಮೈದಾನದ ಆ ತುದಿಯಲ್ಲಿ ಮಲಗಿದ್ದ ನಾಯಿ ತಲೆಯೆತ್ತಿ ನೋಡಿ, ಕರೆದದ್ದು ತನ್ನನ್ನಲ್ಲ ಎಂದು ಗೊತ್ತಾಗಿ ಮತ್ತೆ ಮಲಗಿತು. ಇನ್ನೊಂದು ಸಲ ಊದಿದಳು. ಗೇಟಿನ ಕಡೆಯಿಂದ ಮೂವರು ಬಂದರು, ಇಬ್ಬರು ಹುಡುಗಿಯರು, ಒಬ್ಬ ಹುಡುಗ. ಹುಡುಗ ಬರುವುದು ವ್ಯಾಯಾಮಕ್ಕಲ್ಲ, ಹುಡುಗಿಯರಲ್ಲಿ ಒಬ್ಬಳಿಗಾಗಿ ಎಂದು ಅವಳಿಗೆ ಮೊದಲ ವಾರವೇ ತಿಳಿದಿತ್ತು. ಆದರೂ ಲೆಕ್ಕಕ್ಕೆ ಒಂದು ತಲೆಯಾಯಿತಲ್ಲ, ಇರಲಿ ಎಂದು ಸುಮ್ಮನಿದ್ದಳು.

ಹತ್ತೊಂಬತ್ತು ವರ್ಷದಿಂದ ಅವಳು ಈ ವಿಶ್ವವಿದ್ಯಾಲಯದ ವ್ಯಾಯಾಮ ಶಿಕ್ಷಕಿ. ಕೊರಳಲ್ಲಿ ಸದಾ ಜೋತಾಡುವ ಪೀಪಿಯಿಂದಾಗಿ ಅವಳಿಗೆ ಆ ಹೆಸರು ಅಂಟಿ, ನಿಜವಾದ ಹೆಸರು ಕಚೇರಿಯ ಕಡತದಲ್ಲಿ ಮಾತ್ರ ಉಳಿದಿತ್ತು. ಓಟದ ಹಾದಿಗೆ ಪ್ರತಿ ಸೋಮವಾರ ಸುಣ್ಣದ ಗೆರೆ ಎಳೆಯುವವಳೂ ಅವಳೇ. ಗೆರೆ ಒಂದಿಷ್ಟು ಸೊಟ್ಟಗಾದರೂ ಇಡೀ ವಾರ ಅದೇ ಕಣ್ಣಿಗೆ ಚುಚ್ಚುತ್ತಿತ್ತು. ಏನೇ ಆದರೂ ಮೊದಲು ಕೇಡನ್ನೇ ಎಣಿಸುವ ಸ್ವಭಾವ ಅವಳದು. ಈ ಸಲ ಮಾತ್ರ ಎಣಿಸುವ ಕಷ್ಟವೇ ಇರಲಿಲ್ಲ. ಕೇಡು ಮೊಹರು ಹಾಕಿಸಿಕೊಂಡು, ಲಕೋಟೆಯೊಳಗೆ ಕೂತು ತಾನಾಗಿಯೇ ಬಂದಿತ್ತು.

ಕುಲಸಚಿವರ ಪತ್ರ ನಾಲ್ಕೇ ಸಾಲು. ತಿಂಗಳ ಕೊನೆಯೊಳಗೆ ಸಂಜೆಯ ವ್ಯಾಯಾಮ ತರಗತಿಗೆ ದಿನಕ್ಕೆ ಸರಾಸರಿ ನಲವತ್ತು ಮಂದಿಯ ಹಾಜರಿ ಕಂಡುಬರದಿದ್ದಲ್ಲಿ ಸದರಿ ಮೈದಾನವನ್ನು ಬೇರೆ ಉಪಯೋಗಕ್ಕೆ ಪರಿಗಣಿಸಲಾಗುವುದು. ಅವಳು ಆ ಪತ್ರವನ್ನು ಎಂಟು ಸಲ ಓದಿದ್ದಳು. ಪ್ರತಿ ಸಲವೂ 'ಬೇರೆ ಉಪಯೋಗ' ಎಂಬಲ್ಲಿಗೆ ಬಂದಾಗ ನಿಂತು, ಮತ್ತೆ ಮೊದಲ ಸಾಲಿಗೆ ಹೋಗುತ್ತಿದ್ದಳು.

ಗೋಡೆಗೆ ಚೀಟಿ ಅಂಟಿಸಿ ನೋಡಿದಳು. ತರಗತಿಯಿಂದ ತರಗತಿಗೆ ಹೋಗಿ ಬೆನ್ನುಮೂಳೆಯ ಚಿತ್ರ ತೋರಿಸಿ ಹೆದರಿಸಿದಳು. "ದಿನಕ್ಕೆ ಹನ್ನೆರಡು ಗಂಟೆ ಕೂತರೆ ಮುವ್ವತ್ತಕ್ಕೆ ಮುದುಕರಾಗ್ತೀರಿ" ಅಂದಳು. ಮಕ್ಕಳು ಕೂತಲ್ಲೇ ಕೂತು, ಗಂಭೀರವಾಗಿ ತಲೆಯಾಡಿಸಿ, ಹೌದು ಹೌದು ಅಂದರು. ಸಂಜೆ ಬಂದದ್ದು ಆ ಮೂವರೇ.

ಮನೆಯ ಸ್ಥಿತಿಯೂ ಬೇರೆಯಾಗಿರಲಿಲ್ಲ. ಅವಳ ಒಬ್ಬಳೇ ಮಗಳು ಅದೇ ವಿಶ್ವವಿದ್ಯಾಲಯದಲ್ಲಿ ಎಂ.ಎ. ಕೊನೆಯ ವರ್ಷ ಓದುತ್ತಿದ್ದಳು. ಬೆಳಿಗ್ಗೆ ಎಂಟಕ್ಕೆ ಗ್ರಂಥಾಲಯದ ಓದುಕೋಣೆ ಹೊಕ್ಕರೆ ರಾತ್ರಿ ಎಂಟಕ್ಕೆ ಬಾಗಿಲು ಹಾಕುವವರೆಗೂ ಅಲ್ಲೇ. ಆ ದಿನ ಊಟ ಮುಗಿಸಿ ಎದ್ದವಳು ಒಂದು ಕೈ ಮೇಜಿನ ಮೇಲೆ, ಇನ್ನೊಂದು ಸೊಂಟದ ಮೇಲೆ ಇಟ್ಟು, ಕಣ್ಣು ಮುಚ್ಚಿ ಮೆಲ್ಲಗೆ ನೆಟ್ಟಗಾದಳು. ತಾಯಿ ನೋಡಿಯೇಬಿಟ್ಟಳು.

"ಇಪ್ಪತ್ಮೂರು ವರ್ಷಕ್ಕೇ ಸೊಂಟ ಹಿಡ್ಕೊಂಡು ಏಳ್ತೀಯಲ್ಲೇ! ನಿಮ್ಮಜ್ಜಿ ಎಪ್ಪತ್ತರಲ್ಲೂ ಹೀಗೆ ಏಳ್ತಿರಲಿಲ್ಲ."

"ಅಜ್ಜಿಗೆ ಪರೀಕ್ಷೆ ಇರಲಿಲ್ಲ, ಅಮ್ಮ."

"ಒಂದು ಗಂಟೆ ಕಣೇ. ನಾಲ್ಕೂವರೆಯಿಂದ ಐದೂವರೆ. ಊರ ಮಕ್ಕಳನ್ನೆಲ್ಲ ಕರೀತೀನಿ, ನನ್ನ ಹೊಟ್ಟೇಲಿ ಹುಟ್ಟಿದವಳೇ ಬರಲ್ಲ."

"ಎದ್ದರೆ ಕುರ್ಚಿ ಹೋಗುತ್ತೆ."

"ಏನು ಹೋಗುತ್ತೆ?"

"ಕುರ್ಚಿ ಅಮ್ಮ, ಕುರ್ಚಿ! ಎರಡು ಸಾವಿರ ಜನಕ್ಕೆ ನೂರ ನಲವತ್ತು ಕುರ್ಚಿ. ಏಳೋದಾದ್ರೆ ಹಳದಿ ಕಾರ್ಡಿನ ಮೇಲೆ ಎದ್ದ ಹೊತ್ತು ಬರೆದಿಟ್ಟು ಹೋಗಬೇಕು. ಹದಿನೈದು ನಿಮಿಷ ದಾಟಿದ್ರೆ ಯಾರು ಬೇಕಾದ್ರೂ ಕೂರಬಹುದು. ನಿನ್ನ ಮೈದಾನಕ್ಕೆ ನಡೆದು ಬರೋಕೇ ಎಂಟು ನಿಮಿಷ ಬೇಕು."

ಬಸ್ಸು ಓಡಿಸುವ ಕೆಲಸದ ಪೀಪಿ ಮೇಡಮ್ಮಿನ ಗಂಡ ತಟ್ಟೆಯಿಂದ ತಲೆಯೆತ್ತಿದ. "ನನ್ನ ನೋಡಿ ಕಲೀರಿ. ನಾನೂ ದಿನಕ್ಕೆ ಹತ್ತು ಗಂಟೆ ಕೂತೇ ಇರ್ತೀನಿ. ಆದ್ರೆ ಇನ್ನೂರು ಕಿಲೋಮೀಟರ್ ಹೋಗಿ ಬರ್ತೀನಿ."

"ನೀವೆಲ್ಲಿ ಹೋದ್ರಿ? ನಿಮ್ಮ ಹೊಟ್ಟೆ ಒಂದು ಗೇಣು ಮುಂದೆ ಹೋಗಿದೆ, ಅಷ್ಟೇ" ಅಂದಳು ಪೀಪಿ ಮೇಡಂ. ಅವಳಿಗೆ ನಗುವ ಮನಸ್ಸಿರಲಿಲ್ಲ. ಇಷ್ಟು ದಿನ ಸೋಮಾರಿತನ ಅಂದುಕೊಂಡಿದ್ದ ರೋಗಕ್ಕೆ ಕಾರಣ ಹದಿನೈದು ನಿಮಿಷದ ಒಂದು ಹಳದಿ ಕಾರ್ಡು!

ಮರುದಿನ ಮಧ್ಯಾಹ್ನ ಓದುಕೋಣೆಗೆ ಹೋದಳು. ಬಾಗಿಲು ತೆರೆದ ಕೂಡಲೇ ಬಿಸಿ ಉಸಿರಿನಂಥ ಗಾಳಿ ಮುಖಕ್ಕೆ ಬಡಿಯಿತು. ನೂರ ನಲವತ್ತು ಬೆನ್ನುಗಳು, ಎಲ್ಲವೂ ಗೂನು. ಗೋಡೆಯುದ್ದಕ್ಕೂ ಚೀಲ ಅಪ್ಪಿಕೊಂಡು ನಿಂತ ಮೂವತ್ತು ನಲವತ್ತು ಮಂದಿ. ಅವರಿಗೆ ಅಲ್ಲಿ 'ಗೋಡೆಯವರು' ಎಂದೇ ಹೆಸರು. ಯಾರು ಕೊಂಚ ಮಿಸುಕಾಡಿದರೂ ಗೋಡೆಯವರ ಕಣ್ಣು ಅಲ್ಲಿಗೆ ನೆಡುತ್ತಿತ್ತು. ಒಬ್ಬಳು ನೀರಿನ ಬಾಟಲಿ ಎತ್ತಿ, ತುಟಿ ಒದ್ದೆ ಮಾಡಿಕೊಂಡು ಇಟ್ಟುಬಿಟ್ಟಳು.

"ಪೂರ್ತಿ ಕುಡಿಯಮ್ಮ" ಅಂದಳು ಮೇಡಂ ಪಿಸುದನಿಯಲ್ಲಿ.

"ಕುಡಿದ್ರೆ ಏಳಬೇಕಾಗುತ್ತೆ, ಮೇಡಂ."

ಬಾಗಿಲ ಬಳಿಯ ಮೇಜಿನ ಹಿಂದೆ ಗ್ರಂಥಪಾಲಕ ಕೂತಿದ್ದ. ದಿನಕ್ಕೆ ನೂರು ಸಲ 'ಉಶ್' ಅನ್ನುವುದರಿಂದ ಮಕ್ಕಳು ಅವನನ್ನು ಉಶ್ ಮಾಮ ಅನ್ನುತ್ತಿದ್ದರು. ಅವಳು ಅವನ ಮುಂದೆ ತನ್ನ ಉಪಾಯ ಬಿಚ್ಚಿಟ್ಟಳು. ಒಂದು ಹಸಿರು ಚೀಟಿ, ನಡುವೆ ಹರಿಯುವಂಥದ್ದು. ಅರ್ಧ ಚೀಟಿ ಕುರ್ಚಿಯ ಮೇಲೆ, ಇನ್ನರ್ಧ ಹುಡುಗರ ಕೈಯಲ್ಲಿ. ಕೈಯಲ್ಲಿರುವ ಅರ್ಧಕ್ಕೆ ಮೈದಾನದಲ್ಲಿ ಅವಳು ಮುದ್ರೆ ಒತ್ತಬೇಕು. ಮುದ್ರೆ ಇದ್ದವರ ಕುರ್ಚಿಯನ್ನು ಒಂದು ಗಂಟೆ ಯಾರೂ ಮುಟ್ಟುವಂತಿಲ್ಲ.

ಉಶ್ ಮಾಮ ಕನ್ನಡಕ ಒರೆಸಿಕೊಂಡ. "ನಂಗೇನು ಲಾಭ, ಮೇಡಮ್ಮ?"

"ಮಕ್ಕಳ ಆರೋಗ್ಯ ಸಾರ್."

"ಅದು ನಿಮ್ಮ ಲಾಭ. ನನ್ನದು ಹೇಳ್ತೀನಿ ಕೇಳಿ. ಬೆಳಿಗ್ಗೆ ಎಂಟರಿಂದ ಈ ಕೋಣೆ ಗುಡಿಸೋಕೆ ಆಗಿಲ್ಲ. ಕಾಲೆತ್ತಪ್ಪಾ ಅಂದ್ರೆ, ಒಂದು ಕಾಲು ಎತ್ತಿದ್ರೂ ಕುರ್ಚಿ ಹೋಗುತ್ತೇನೋ ಅನ್ನೋ ಹಾಗೆ ನೋಡ್ತಾರೆ. ಇವರೆಲ್ಲ ಒಂದು ಗಂಟೆ ತೊಲಗಿದ್ರೆ ಗುಡಿಸಿ, ಕಿಟಕಿ ತೆರೆದು, ನಾನೊಂದು ಲೋಟ ಟೀ ಕುಡಿಯಬಹುದು. ಆಗಲಿ, ಮಾಡೋಣ."

ಮೊದಲ ದಿನ ಇಪ್ಪತ್ತಾರು ಮಂದಿ ಬಂದರು. ಪೀಪಿ ಮೇಡಂ ಎರಡೆರಡು ಸಲ ಎಣಿಸಿದಳು. ಕೈಕಾಲು ಆಡಿಸಿದರು, ಎರಡು ಸುತ್ತು ಓಡಿದರು, ಏದುಸಿರು ಬಿಟ್ಟರು, ತಮ್ಮ ಏದುಸಿರಿಗೆ ತಾವೇ ನಕ್ಕರು. ಕೊಕ್ಕರೆ ಎಂದು ಎಲ್ಲರೂ ಕರೆಯುವ ಉದ್ದ ಕಾಲಿನ ಹುಡುಗನೊಬ್ಬ ಮೂರನೇ ಸುತ್ತೂ ಓಡಿದ. ಮೂರನೆಯ ದಿನಕ್ಕೆ ಎಪ್ಪತ್ತು ದಾಟಿತು. ಅವಳು ಮನೆಗೆ ಹೋಗಿ ಗಂಡನಿಗೆ ಹೇಳಿದಳು, ಹೇಳಿ ಕೂಡಲೇ ನಾಲಿಗೆ ಕಚ್ಚಿಕೊಂಡಳು. ಸಂತೋಷವನ್ನು ಬಾಯಿಬಿಟ್ಟು ಹೇಳಿದರೆ ಅದು ಹೆದರಿ ಓಡಿಹೋಗುತ್ತದೆ ಎಂಬ ಅಳುಕು ಅವಳಿಗೆ ಚಿಕ್ಕಂದಿನಿಂದ.

ಎರಡನೇ ವಾರ ಪರೀಕ್ಷೆಯ ವೇಳಾಪಟ್ಟಿ ಬಂತು. ಅದೇ ಹೊತ್ತಿಗೆ ಉಶ್ ಮಾಮನಿಗೆ ಟೀಯ ರುಚಿ ಹತ್ತಿತ್ತು. ಗಂಟೆ ನಾಲ್ಕೂವರೆ ಹೊಡೆದದ್ದೇ ತಡ, ಕೈ ತಟ್ಟಿ, "ಎಲ್ಲಾ ಏಳಿ, ಎಲ್ಲರಿಗೂ ಹಸಿರು ಚೀಟಿ, ಮೈದಾನಕ್ಕೆ ನಡೀರಿ" ಎಂದು ಇಡೀ ಕೋಣೆಯನ್ನೇ ಹೊರಗಟ್ಟತೊಡಗಿದ. ಮಕ್ಕಳು ಬಂದರು. ಬರುವಾಗ ಪುಸ್ತಕ ತಂದರು. ಮುದ್ರೆ ಒತ್ತಿಸಿಕೊಂಡು, ಹಾಜರಿ ಪುಸ್ತಕದಲ್ಲಿ ರುಜು ಹಾಕಿ, ಮೈದಾನದ ಅಂಚಿನ ಕಲ್ಲು ಮೆಟ್ಟಿಲ ಮೇಲೆ ಸಾಲಾಗಿ ಕೂತರು. ಮೆಟ್ಟಿಲು ತುಂಬಿದ ಮೇಲೆ ಹುಲ್ಲಿನ ಮೇಲೆ ಕೂತರು. ಹುಲ್ಲೂ ತುಂಬಿದಾಗ ಓಟದ ಹಾದಿಯ ಮೇಲೆ, ಅವಳು ಎಳೆದ ಸುಣ್ಣದ ಗೆರೆಗೇ ಬೆನ್ನು ಹಚ್ಚಿದಂತೆ, ಅಚ್ಚುಕಟ್ಟಾಗಿ ಕೂತರು. ಗೋಡೆಯವರೂ ಬಂದರು. ಅವರಿಗಂತೂ ಕೂರಲು ಜಾಗ ಸಿಕ್ಕಿದ್ದೇ ಹಬ್ಬ.

ಪೀಪಿ ಮೇಡಂ ಪೀಪಿ ಊದಿದಳು. "ಏಳಿ, ಏಳಿ! ಒಂದು ಸುತ್ತು!"

ಕೊಕ್ಕರೆ ಪುಸ್ತಕದಿಂದ ತಲೆಯೆತ್ತಿದ. ಬಲು ವಿನಯದಿಂದ, "ಮೇಡಂ, ಸ್ವಲ್ಪ ಮೆಲ್ಲಗೆ ಊದ್ತೀರಾ? ಓದೋಕಾಗ್ತಿಲ್ಲ" ಅಂದ.

ಅವಳಿಗೆ ಮೈ ಉರಿದುಹೋಯಿತು. "ಇದು ಮೈದಾನ ಕಣೋ!"

"ಗೊತ್ತು ಮೇಡಂ. ಒಳ್ಳೇ ಗಾಳಿ ಬರುತ್ತೆ."

ಅವಳು ಆಗಲೇ ಮುದ್ರೆಯನ್ನು ಜೇಬಿಗಿಟ್ಟು, ಓಡದವರಿಗೆ ಒತ್ತುವುದಿಲ್ಲ ಅನ್ನಬೇಕಿತ್ತು. ಅದು ಅವಳಿಗೂ ಗೊತ್ತಿತ್ತು. ಆದರೆ ಮುದ್ರೆ ಒತ್ತದಿದ್ದರೆ ಕುರ್ಚಿ ಹೋಗುತ್ತದೆ, ಕುರ್ಚಿ ಹೋದರೆ ನಾಳೆ ಇವರು ಬರುವುದಿಲ್ಲ, ಇವರು ಬರದಿದ್ದರೆ ನಲವತ್ತು ಆಗುವುದಿಲ್ಲ, ನಲವತ್ತು ಆಗದಿದ್ದರೆ ಮೈದಾನವೇ ಇರುವುದಿಲ್ಲ. ಮೊದಲು ತಿಂಗಳು ಮುಗಿಯಲಿ, ಮೈದಾನ ಉಳಿಯಲಿ, ಆಮೇಲೆ ಒಬ್ಬೊಬ್ಬರನ್ನೂ ಬೆವರು ಕಿತ್ತು ಬರುವ ಹಾಗೆ ಓಡಿಸುತ್ತೇನೆ ಎಂದು ಹಲ್ಲು ಕಚ್ಚಿಕೊಂಡು ಒತ್ತಿದಳು. ನೂರ ಹದಿನೆಂಟು ಮುದ್ರೆ. ಮರುದಿನ ನೂರ ಐವತ್ತು.

ಹಾಜರಿ ಪುಸ್ತಕದಲ್ಲಿ ಕೊನೆಯದೊಂದು ಅಂಕಣ, 'ಚಟುವಟಿಕೆ' ಎಂದು. ಮೊದಲ ದಿನಗಳಲ್ಲಿ 'ಓಟ, ಕಸರತ್ತು' ಎಂದು ತುಂಬುತ್ತಿದ್ದಳು. ಈಗ ಪೆನ್ನು ಅಲ್ಲಿಗೆ ಹೋಗಿ ನಿಂತುಬಿಡುತ್ತಿತ್ತು. ಸುಳ್ಳು ಬರೆಯಲು ಕೈ ಬಾರದು, ನಿಜ ಬರೆಯಲು ಧೈರ್ಯ ಸಾಲದು. ಆಮೇಲೆ ತುಂಬಿದರಾಯಿತು ಎಂದು ಖಾಲಿ ಬಿಟ್ಟು, ಕೆಳಗೆ ರುಜು ಹಾಕುತ್ತ ಬಂದಳು.

ಒಂದು ಸಂಜೆ ಮಗಳೂ ಬಂದು ಮೆಟ್ಟಿಲ ಮೇಲೆ ಕೂತಳು. ತಾಯಿಯ ಮುಂದೆ ಚೀಟಿ ಚಾಚಿದಳು.

"ಓಡು. ಆಮೇಲೆ ಒತ್ತುತ್ತೀನಿ."

"ಅವರಿಗೆಲ್ಲ ಓಡದೇ ಒತ್ತಿದ್ದೀಯಲ್ಲ?"

"ನೀನು ನನ್ನ ಮಗಳು."

"ಅದಕ್ಕೇ ನಂಗೆ ಬೇರೆ ಕಾನೂನಾ?" ಎಂದು ಮಗಳು ದನಿ ತಗ್ಗಿಸಿದಳು. "ಅಮ್ಮ, ಇವರು ಅಲ್ಲಿ ಕೂತಿದ್ದವರು ಇಲ್ಲಿ ಬಂದು ಕೂತ್ರು. ಮುದ್ರೆ ಯಾತಕ್ಕೆ ಒತ್ತಿದ್ದು ಅಂತ ಯಾರಾದ್ರೂ ಕೇಳಿದ್ರೆ ಏನು ಹೇಳ್ತೀಯ?"

"ಯಾರೂ ಕೇಳಲ್ಲ. ಸುಮ್ನಿರು." ಅವಳು ಮಗಳ ಚೀಟಿಗೆ ಸ್ವಲ್ಪ ಜೋರಾಗಿಯೇ ಮುದ್ರೆ ಗುದ್ದಿದಳು.

ತಿಂಗಳ ಕೊನೆಯ ಬುಧವಾರ ಕುಲಸಚಿವರು ಬಂದರು. ಮುಂಚೆ ಹೇಳಿ ಕಳಿಸಿರಲಿಲ್ಲ. ಗೇಟಿನ ಬಳಿ ಅವರ ಕಾರು ನಿಂತದ್ದನ್ನು ಕಂಡದ್ದೇ ಮೇಡಂ ಕೈಯಲ್ಲಿದ್ದ ಮುದ್ರೆಯನ್ನು ಜೇಬಿಗೆ ತುರುಕಿದಳು. ಓಡಿ ನಡುಮೈದಾನಕ್ಕೆ ಬಂದು ಪೀಪಿ ಬಾಯಿಗಿಟ್ಟು ಶಕ್ತಿಯೆಲ್ಲ ಸೇರಿಸಿ ಊದಿದಳು. ನೂರ ಎಪ್ಪತ್ತು ತಲೆಗಳಲ್ಲಿ ಒಂದೂ ಅಲುಗಲಿಲ್ಲ. ಎರಡು ವಾರದಲ್ಲಿ ಆ ಸದ್ದಿಗೆ ಅವರ ಕಿವಿ ಒಗ್ಗಿಹೋಗಿತ್ತು. "ಅಯ್ಯೋ, ಎದ್ದು ನಿಂತಾದರೂ ನಿಲ್ಲಿರೋ" ಎಂದು ಬೇಡಿದಳು. ಹತ್ತಿರದಲ್ಲಿದ್ದ ಹುಡುಗಿ ಬೆರಳಿಟ್ಟು ಪುಟ ಗುರುತು ಮಾಡಿಕೊಂಡು, "ಈ ಪಾಠ ಮುಗಿಸಿ ಎದ್ದೆ, ಮೇಡಂ" ಅಂದಳು.

ಕುಲಸಚಿವರು ಬಂದು ನಿಂತರು. ಮೆಟ್ಟಿಲು, ಹುಲ್ಲು, ಓಟದ ಹಾದಿ ಎಲ್ಲವನ್ನೂ ನಿಧಾನವಾಗಿ ನೋಡಿದರು. ಅವಳು ಬೈಗುಳಕ್ಕೆ ಸಿದ್ಧಳಾಗಿ ತಲೆ ತಗ್ಗಿಸಿದಳು.

"ಅದ್ಭುತ" ಅಂದರು ಅವರು.

"ಸರ್?"

"ಎಷ್ಟು ಶಾಂತವಾಗಿದೆ! ನಮ್ಮ ಓದುಕೋಣೇಲೂ ಇಷ್ಟು ಶಿಸ್ತು ನೋಡಿಲ್ಲ ನಾನು. ಎಲ್ಲಿ, ಪುಸ್ತಕ ಕೊಡಿ ನೋಡೋಣ. ನೂರ ಐವತ್ತು... ನೂರ ಅರವತ್ತೆರಡು... ದಿನಾನೂ ಹೀಗೇನಾ?" ಹಾಜರಿ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡೇ ಕಾರು ಹತ್ತಿದರು.

ಶನಿವಾರ ಪತ್ರ ಬಂತು. ಅವಳು ಮೆಟ್ಟಿಲ ಬಳಿ ನಿಂತೇ ಒಡೆದಳು. ವ್ಯಾಯಾಮ ಶಿಕ್ಷಕಿಯವರು ಸ್ವಹಸ್ತದಿಂದ ದೃಢೀಕರಿಸಿದ ಹಾಜರಿಯಂತೆ ಸದರಿ ಮೈದಾನದಲ್ಲಿ ದಿನಕ್ಕೆ ಸರಾಸರಿ ನೂರ ಮೂವತ್ತೆರಡು ವಿದ್ಯಾರ್ಥಿಗಳು ಓದಿನಲ್ಲಿ ತೊಡಗಿರುವುದು ಕಂಡುಬಂದಿರುತ್ತದೆ. ಆದ್ದರಿಂದ ಮೈದಾನವನ್ನು ಬಯಲು ಓದುಕೋಣೆಯಾಗಿ ಪರಿವರ್ತಿಸಿ ಮುನ್ನೂರು ಕುರ್ಚಿಗಳನ್ನು ಒದಗಿಸಲಾಗುವುದು. ಶಿಕ್ಷಕಿಯವರನ್ನೇ ಅದರ ಮೇಲ್ವಿಚಾರಕಿಯಾಗಿ ನೇಮಿಸಿ, ಕೈಯುಳ್ಳ ಕುರ್ಚಿ ಒಂದು, ಮೇಜು ಒಂದು ಮಂಜೂರು ಮಾಡಿದೆ.

ಎದ್ದೆನೋ ಬಿದ್ದೆನೋ ಎಂದು ಕಚೇರಿಗೆ ಓಡಿದಳು. ಕುಲಸಚಿವರ ಮೇಜಿನ ಮೇಲೆ ಅವಳ ಹಾಜರಿ ಪುಸ್ತಕ ತೆರೆದೇ ಇತ್ತು. ಅವಳು ಖಾಲಿ ಬಿಟ್ಟಿದ್ದ ಅಂಕಣವನ್ನು ಯಾರೋ ಗುಮಾಸ್ತರು ಮುದ್ದಾದ ಅಕ್ಷರದಲ್ಲಿ ತುಂಬಿದ್ದರು. ಓದು. ಓದು. ಓದು. ಪ್ರತಿ 'ಓದಿ'ನ ಕೆಳಗೂ ಅವಳ ರುಜು.

"ಸರ್, ಅದು ಓಡೋ ಜಾಗ."

"ಹೌದಾ? ಹಾಗಾದ್ರೆ ಈ ನೂರ ಮೂವತ್ತೆರಡು ಮಂದಿ ಓಡ್ತಿದ್ರಾ?" ಕುಲಸಚಿವರ ದನಿಯಲ್ಲಿ ಕುಹಕವಿರಲಿಲ್ಲ. ನಿಜವಾಗಿಯೂ ತಿಳಿದುಕೊಳ್ಳಲು ಕೇಳುವವರ ದನಿ.

ಓಡುತ್ತಿದ್ದರು ಅನ್ನುವಂತಿಲ್ಲ, ಅವರೇ ಕಣ್ಣಾರೆ ಕಂಡಿದ್ದಾರೆ. ಕೂತಿದ್ದರು ಅಂದರೆ ಪತ್ರದಲ್ಲಿ ಇರುವುದೂ ಅದೇ. ಮೂವರೇ ಬರುತ್ತಿದ್ದರು ಅಂದರೆ ಮೈದಾನ ಕಿತ್ತುಕೊಳ್ಳಲು ಮೊದಲನೆಯ ಪತ್ರವೇ ಸಾಕು. ಯಾವ ಕಡೆ ತಿರುಗಿದರೂ ತಾನೇ ಎಳೆದ ಗೆರೆಗೆ ತಾನೇ ಎಡವುತ್ತಿದ್ದಳು.

"ಬೇಜಾರು ಮಾಡ್ಕೋಬೇಡಿ ಮೇಡಂ," ಎಂದರು ಕುಲಸಚಿವರು. "ಹತ್ತೊಂಬತ್ತು ವರ್ಷ ನಿಂತೇ ಕೆಲಸ ಮಾಡಿದ್ದೀರಿ. ಇನ್ನು ಸ್ವಲ್ಪ ಕೂತ್ಕೊಳ್ಳಿ."

ಸೋಮವಾರ ಅವಳು ಗೆರೆ ಎಳೆದಳು. ಎಳೆಯಬೇಕಾಗಿರಲಿಲ್ಲ. ಆದರೂ ಸುಣ್ಣದ ಡಬ್ಬ ಹಿಡಿದು, ಮೈಯೆಲ್ಲ ಕಣ್ಣಾಗಿ, ಇಡೀ ಸುತ್ತನ್ನು ಎಳೆದು ಮುಗಿಸಿದಳು. ಸೊಟ್ಟಗಾಗಲಿಲ್ಲ. ಅದಕ್ಕೂ ಸಿಟ್ಟೇ ಬಂತು.

ನಾಲ್ಕು ಗಂಟೆಗೆ ಕುರ್ಚಿಗಳ ಲಾರಿ ಬಂತು. ಗೇಟು ಕಿರಿದು, ಲಾರಿ ಒಳಗೆ ಬರಲೊಲ್ಲದು. ಹಿಂದೆ ಮುಂದೆ ಮಾಡಿ, ಒಂದು ಕಂಬ ಗೀರಿ, ಚಾಲಕ ಕೆಳಗಿಳಿದ. "ನನ್ನ ಕೆಲಸ ತಂದು ಹಾಕೋದು, ಹೊರೋದಲ್ಲ" ಎಂದು ಮುನ್ನೂರು ಪ್ಲಾಸ್ಟಿಕ್ ಕುರ್ಚಿಗಳನ್ನೂ ಗೇಟಿನ ಹೊರಗೇ ಇಳಿಸಿ ಹೋದ. ಹೊರುವ ಆಳುಗಳನ್ನು ಯಾರೂ ಕರೆಸಿರಲಿಲ್ಲ.

ಅಷ್ಟರಲ್ಲಿ ಓದುಕೋಣೆಯಿಂದ ಮಕ್ಕಳು ಬಂದರು. ಕುರ್ಚಿಗಳನ್ನು ನೋಡಿದರು. ಕಣ್ಣಲ್ಲೇ ನೆರಳಿನ ಜಾಗ ಅಳೆದರು. ಆಮೇಲೆ ಯಾರೋ ಕೂಗಿದರು, "ಯಾರು ಮೊದಲು ಹಾಕ್ತಾರೋ ಅವರದೇ ಜಾಗ! ನೆರಳಿನ ಕಡೆ ಬರೀ ಐವತ್ತು!"

ಓಡಿದರು. ಕುರ್ಚಿಯನ್ನು ತಲೆಯ ಮೇಲೆ ಕವುಚಿಕೊಂಡು, ಎದೆಗವಚಿಕೊಂಡು, ಕಾಲು ಕಿತ್ತು ಓಡಿದರು. ಬೆಳಿಗ್ಗೆಯಿಂದ ನೀರು ಕುಡಿಯದ ಹುಡುಗಿಯೂ ಓಡಿದಳು. ಹುಲ್ಲಿನ ನಡುವೆ ಗದ್ದಲವಾಗಿ ದಾರಿ ಸಿಗದವರು ಓಟದ ಹಾದಿ ಹಿಡಿದು ಸುತ್ತು ಹಾಕಿಕೊಂಡು ಬಂದರು. ಕೊಕ್ಕರೆ ಎರಡು ಕೈಗೆ ಎರಡು ಕುರ್ಚಿ ಹಿಡಿದು, ತಿರುವಿನಲ್ಲಿ ಹದವಾಗಿ ಮೈ ಬಾಗಿಸಿ ಎಲ್ಲರನ್ನೂ ಹಿಂದೆ ಹಾಕಿದ. ಆ ಬಾಗುವಿಕೆಯನ್ನು ಯಾರೂ ಅವನಿಗೆ ಕಲಿಸಿರಲಿಲ್ಲ. ಪೀಪಿ ಮೇಡಂ ಬಾಯಿ ತೆರೆದು ನಿಂತಿದ್ದವಳು ಅಭ್ಯಾಸಬಲದಿಂದ ಗಡಿಯಾರ ನೋಡಿಕೊಂಡಳು. ಹತ್ತೊಂಬತ್ತು ವರ್ಷದಲ್ಲಿ ಇಷ್ಟು ಮಂದಿ ಒಟ್ಟಿಗೆ ಓಡಿದ್ದನ್ನು ಅವಳು ಕಂಡಿರಲಿಲ್ಲ. ಎಲ್ಲ ಸೇರಿ ನಾಲ್ಕು ನಿಮಿಷವೂ ಆಗಿರಲಿಕ್ಕಿಲ್ಲ. ಆಮೇಲೆ ನೂರ ಎಪ್ಪತ್ತು ಮಂದಿ ಕೂತರು, ಪುಸ್ತಕ ತೆರೆದರು. ಏದುಸಿರು ಮಾತ್ರ ಕೇಳುತ್ತಿತ್ತು, ಸ್ವಲ್ಪ ಹೊತ್ತಿಗೆ ಅದೂ ನಿಂತಿತು.

ಅವಳು ಹೊಸ ಹಾಜರಿ ಪುಸ್ತಕ ತೆಗೆದಳು. ಕೊನೆಯ ಅಂಕಣಕ್ಕೆ ಬಂದಾಗ ಈ ಸಲ ಪೆನ್ನು ನಿಲ್ಲಲಿಲ್ಲ. 'ಓಟ. ನೂರ ಎಪ್ಪತ್ತು ಮಂದಿ. ಕುರ್ಚಿ ಸಮೇತ' ಎಂದು ಬರೆದು ರುಜು ಹಾಕಿದಳು. ಅಕ್ಷರ ಅಕ್ಷರವೂ ನಿಜ. ಅದರಿಂದ ಏನೂ ಆಗುವುದಿಲ್ಲ ಎಂಬುದೂ ಅಷ್ಟೇ ನಿಜ.

ಮಗಳು ಎಲ್ಲರಿಗಿಂತ ಕೊನೆಗೆ ಬಂದಳು, ಕೈ ಸೊಂಟದ ಮೇಲೇ ಇತ್ತು. ನೆರಳೆಲ್ಲ ತುಂಬಿಹೋಗಿತ್ತು. ಗೇಟಿನ ಬಳಿ, ಬೆಳಿಗ್ಗೆಯೇ ತಂದಿಟ್ಟಿದ್ದ ಮೇಡಮ್ಮಿನ ಹೊಸ ಮೇಜಿನ ಹಿಂದೆ, ಕೈಯುಳ್ಳ ಕುರ್ಚಿ ಹಾಗೇ ಇತ್ತು. ಅದರ ಮೇಲಿನ ಹಾಳೆಯನ್ನೂ ಯಾರೂ ಬಿಚ್ಚಿರಲಿಲ್ಲ.

"ಅಮ್ಮ, ನೀನು ಹೇಗೂ ಇದರಲ್ಲಿ ಕೂರಲ್ಲ."

"ಇಲ್ಲ."

"ಹಾಗಾದ್ರೆ ನಾನು ತಗೊಳ್ಳಲಾ? ಕೈ ಇದೆ. ಬೆನ್ನಿಗೆ ಒಳ್ಳೇದು."

ಪೀಪಿ ಮೇಡಂ ಮಗಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕುರ್ಚಿಯ ಮೇಲಿನ ಹಾಳೆಯನ್ನು ಪರ್ರನೆ ಹರಿದು ತೆಗೆದಳು.

"ತಗೋ," ಅಂದಳು. "ಆದ್ರೆ ನೀನೇ ಹೊತ್ಕೊಂಡು ಹೋಗು. ಆ ಗೆರೆ ಹಿಡಿದು, ಪೂರ್ತಿ ಒಂದು ಸುತ್ತು ಬಂದು, ಆಮೇಲೆ ಎಲ್ಲಿ ಬೇಕೋ ಅಲ್ಲಿ ಹಾಕ್ಕೋ."

"ಅಮ್ಮಾ! ಎಲ್ಲಾ ನೋಡ್ತಾರೆ!"

"ಯಾರು? ಇವರಾ? ಬಾಂಬು ಬಿದ್ದರೂ ತಲೆ ಎತ್ತಲ್ಲ ಇವರು."

"ನಂಗೆ ಬೆನ್ನು ನೋವು."

"ಅದಕ್ಕೇ. ಮಂಡಿ ಬಗ್ಗಿಸಿ ಎತ್ತು, ಬೆನ್ನು ಬಗ್ಗಿಸಬೇಡ. ಹಾಂ, ಹಾಗೆ. ಮೈಗೆ ಒತ್ತಿ ಹಿಡ್ಕೋ. ನಡುವೆ ಎಲ್ಲಾದ್ರೂ ಇಳಿಸಿದ್ಯೋ, ಗೋಡೆಯವರು ಬಂದು ಕೂತುಬಿಡ್ತಾರೆ."

ಮಗಳು ಮುಖ ಊದಿಸಿಕೊಂಡು, ಗೊಣಗುತ್ತ, ಕುರ್ಚಿಯನ್ನು ಅಪ್ಪಿ ಹೊರಟಳು. ಮೊದಲ ತಿರುವಿನವರೆಗೆ ಕಾಲೆಳೆಯುತ್ತಲೇ ಹೋದಳು. ಪೀಪಿ ಮೇಡಂ ಪೀಪಿಯನ್ನು ಬಾಯಿಗಿಟ್ಟು, ಊದದೆ, ಹಾಗೇ ಹಲ್ಲಿನ ನಡುವೆ ಕಚ್ಚಿ ಹಿಡಿದು, ಗೆರೆಯ ಒಳಬದಿಯಲ್ಲಿ ಅವಳ ಹಿಂದೆ ಹಿಂದೆ ನಡೆದಳು.